ಹುಬ್ಬಳ್ಳಿಯಿಂದ ವಾರಾಂತ್ಯದ ನಡಿಗೆ: ಕಪ್ಪತಗುಡ್ಡ ಬಹಳ ಚಲೋ, ಕಡಲ ದಂಡೆ ಬರೀ ಅವಸರ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಅನುಕೂಲ ಆಗಲಿ. ಶನಿವಾರ-ಭಾನುವಾರ ಜನರನ್ನು ಹುಬ್ಬಳ್ಳಿ-ಧಾರವಾಡದಿಂದ ನಡಿಗೆಗೆ ಕರೆದುಕೊಂಡು ಹೋಗುವ ಒಂದು ತಂಡದ ಜೊತೆ ನಾವು ಕಪ್ಪತಗುಡ್ಡಕ್ಕೆ ಹೋದೆವು, ಆಮೇಲೆ ಕುಮಟಾದಿಂದ ಗೋಕರ್ಣದ ತನಕ ಕಡಲ ದಂಡೆಗೂ ಹೋದೆವು. ಗುಡ್ಡದ ನಡಿಗೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಡಲಿನದಕ್ಕೆ ಎರಡೂವರೆ, ಅದೂ ಕಡಲಿನ ಮುಖ ನೋಡಿ. ತಂಡ ಅದೇ, ಗಾಡಿ ಅದೇ, ವಾಟ್ಸಾಪ್ ಗ್ರೂಪೂ ಅದೇ. ವ್ಯತ್ಯಾಸ ಬಂದದ್ದು ಒಂದೇ ಕಾರಣಕ್ಕೆ: ಗುಡ್ಡದಲ್ಲಿ ನಮ್ಮ ಮುಂದೆ ನಡೆದವರು ಆ ಗುಡ್ಡದವರು, ಕಡಲಲ್ಲಿ ನಮ್ಮ ಮುಂದೆ ನಡೆದವನು ಹುಬ್ಬಳ್ಳಿಯಿಂದ ನಮ್ಮ ಜೊತೆಗೇ ಬಸ್ಸಿನಲ್ಲಿ ಬಂದವನು.

ತಂಡದ ಹೆಸರು ಹಾಕುತ್ತಿಲ್ಲ. ಇಂಥ ತಂಡಗಳು ನಮ್ಮಲ್ಲಿ ಈಗ ಸಾಕಷ್ಟಿವೆ, ಯಾರ ಜೊತೆ ಹೋದರೂ ನೋಡಬೇಕಾದ್ದು ಇದನ್ನೇ.

ನಾವು ಅಂದರೆ ನಾನು, ನನ್ನ ತಂಗಿ, ನಮ್ಮ ಕಾಕಾ. ಕಾಕಾ ರಿಟೈರ್ ಆದವರು, ದಿನಾ ಬೆಳಗ್ಗೆ ಕೆಲಗೇರಿ ಕೆರೆ ಸುತ್ತಿ ಬರುವವರು, ಒಂದು ಮೊಣಕಾಲು ಸ್ವಲ್ಪ ನೋವು. "ನಡೀಲಿಕ್ಕೆ ರೊಕ್ಕ ಯಾಕ ಕೊಡಬೇಕವಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಕೆಲಗೇರಿ, ನುಗ್ಗಿಕೇರಿ, ಉಣಕಲ್ ಕೆರೆ, ನೃಪತುಂಗ ಬೆಟ್ಟ, ಇವೆಲ್ಲ ನಮ್ಮ ಹುಬ್ಬಳ್ಳಿ-ಧಾರವಾಡದವೇ, ಇವಕ್ಕೆ ಯಾವ ತಂಡಕ್ಕೂ ದುಡ್ಡು ಕೊಡಬೇಕಿಲ್ಲ, ಕೊಡಲೂಬಾರದು. ಆದರೆ ಕಪ್ಪತಗುಡ್ಡ ಬೇರೆ. ಅದು ವನ್ಯಜೀವಿ ಧಾಮ, ಒಳಗೆ ಅಡ್ಡಾಡೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳಗಿನ ಜಾವ ಗುಡ್ಡದ ಬುಡ ಮುಟ್ಟೋಕೆ ಬಸ್ಸು ಸಿಗೋದು ಕಷ್ಟ. ದಾರಿ ಎಲ್ಲಿ ಒಡೆಯುತ್ತದೆ ಅಂತ ಗೊತ್ತಿಲ್ಲದೆ ಹುಲ್ಲಿನೊಳಗೆ ಇಳಿದರೆ ದಿನವೆಲ್ಲ ಸುಮ್ನೆ ತಿರುಗಬೇಕಾಗುತ್ತದೆ. ದುಡ್ಡು ಕೊಡೋದು ಇದಕ್ಕೆ. ಗುಡ್ಡಕ್ಕೆ ತಲೆಗೆ 1,300 ರೂಪಾಯಿ ತೆಗೆದುಕೊಂಡರು, ಗಾಡಿ, ನಾಷ್ಟಾ, ಮಧ್ಯಾಹ್ನದ ಊಟ ಎಲ್ಲ ಸೇರಿ. ಕಡಲಿಗೆ ಎರಡು ಹಗಲು ಒಂದು ರಾತ್ರಿಗೆ 4,200.

ಕಪ್ಪತಗುಡ್ಡದ ವಿಷಯಕ್ಕೆ ಬರುತ್ತೇನೆ. ಎಪ್ಪತ್ತು ಗಿರಿ ನೋಡೋಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಕಡೆ ಮಾತಿದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹಬ್ಬಿದ ಗುಡ್ಡದ ಸಾಲು ಇದು. ಏಪ್ರಿಲ್‌ನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇಲ್ಲೇನಿದೆ ಅನಿಸುತ್ತದೆ. ಕಂದು ಬಣ್ಣದ ಬೋಳು ಬೆನ್ನು, ಮೇಲೆ ಸಾಲಾಗಿ ನಿಂತ ಗಾಳಿಯಂತ್ರ, ಅಷ್ಟೇ. ಇಲ್ಲಿನ ಜನ ಅದಕ್ಕೆ ಫ್ಯಾನ್ ಅಂತಲೇ ಹೇಳುತ್ತಾರೆ. ನಾವು ಹೋದದ್ದು ಶ್ರಾವಣದಲ್ಲಿ. ಹುಬ್ಬಳ್ಳಿ ಬಿಟ್ಟಾಗ ಇನ್ನೂ ಕತ್ತಲೆ, ಅಣ್ಣಿಗೇರಿ ದಾಟುವಾಗ ಬೆಳಕು ಹರಿಯಿತು, ಗದಗಿನಲ್ಲಿ ಒಗ್ಗರಣಿ-ಮಿರ್ಚಿ, ಚಹಾ. ಡೋಣಿ ಊರಿನ ಹತ್ತಿರ ಗಾಡಿ ಇಳಿದಾಗ ಗುಡ್ಡದ ತಲೆ ಮೋಡದೊಳಗೆ ಹೋಗಿತ್ತು. ಬುಡದಿಂದ ತುದಿಯವರೆಗೆ ಹಸಿರು.

ಪೇಪರಿನವರು ಇದನ್ನು ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತ ಬರೆಯುತ್ತಾರೆ. ನನಗೆ ಆ ಹೋಲಿಕೆ ಹಿಡಿಸೋದಿಲ್ಲ. ಸಹ್ಯಾದ್ರಿ ಅಂದುಕೊಂಡು ಹೋದವರು ದೊಡ್ಡ ಮರ, ಜಲಪಾತ, ಜಿಗಣೆ ಹುಡುಕುತ್ತಾರೆ, ಸಿಗದಿದ್ದಾಗ ಬೇಜಾರಾಗುತ್ತಾರೆ. ಇಲ್ಲಿ ಮರಗಳು ಕುಳ್ಳ. ಕುರುಚಲು ಜಾಸ್ತಿ. ಮೇಲೆ ಹೋದ ಹಾಗೆ ಬರೀ ಹುಲ್ಲು, ಆ ಹುಲ್ಲಿನ ಮೇಲೆ ಗಾಳಿ ಓಡೋದು ಕಣ್ಣಿಗೆ ಕಾಣುತ್ತದೆ, ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ಅಲೆ ದಾಟಿದ ಹಾಗೆ. ಕೆಳಗೆ ದೂರದವರೆಗೆ ಎರೆ ಹೊಲ, ಅಲ್ಲೊಂದು ಇಲ್ಲೊಂದು ಕೆರೆ. ಇದು ಬಯಲುಸೀಮೆಯದೇ ಚೆಲುವು. ಇದಕ್ಕೆ ಬೇರೆ ಬೆಟ್ಟದ ಹೆಸರು ಬೇಕಿಲ್ಲ.

ನಮ್ಮನ್ನು ಕರೆದುಕೊಂಡು ಹೋದವರು ಬುಡದ ಊರಿನ ಒಬ್ಬ ಅಜ್ಜ. ಹರೆಯದಲ್ಲಿ ಇದೇ ಗುಡ್ಡದಲ್ಲಿ ಕುರಿ ಕಾಯ್ದವರು. ತಂಡದ ಹುಡುಗ ಹಿಂದೆ ಬಂದ, ನೀರು ಮತ್ತು ಔಷಧದ ಚೀಲ ಹೊತ್ತುಕೊಂಡು. ಮುಂದೆ ಅಜ್ಜ. ಇದು ನನಗೆ ಬಹಳ ಸರಿ ಅನಿಸಿತು. ನಾವು ಹನ್ನೆರಡು ಜನ ಇದ್ದೆವು, ಅಜ್ಜ ಮೆಲ್ಲಗೆ ಮಾತಾಡಿದರೂ ಕೊನೆಯವರಿಗೆ ಕೇಳುತ್ತಿತ್ತು. ಕಾಕಾ ಎಲ್ಲಿ ನಿಂತರೋ ಅಲ್ಲಿ ಅವರೂ ನಿಂತು ಏನಾದರೂ ಒಂದು ಗಿಡ ತೋರಿಸೋರು. ಕಾಲು ನೋವಿನವರಿಗೆ ವಿಶ್ರಾಂತಿ ಕೊಡುತ್ತಿದ್ದೇನೆ ಅಂತ ತೋರಿಸಿಕೊಳ್ಳದೆ ವಿಶ್ರಾಂತಿ ಕೊಟ್ಟರು.

ಒಂದು ಕಡೆ ಬಳ್ಳಿಯಿಂದ ಎರಡು ಎಲೆ ಕಿತ್ತು ತಂಗಿಯ ಕೈಗಿಟ್ಟರು. "ಅಗೀರಿ ಯವ್ವಾ, ಅವಸರ ಮಾಡಬ್ಯಾಡ್ರಿ." ಅಗಿದಳು. ಆಮೇಲೆ ಕಿಸೆಯಿಂದ ಸಣ್ಣ ಬೆಲ್ಲದ ಉಂಡೆ ತೆಗೆದು ಕೊಟ್ಟರು. "ಈಗ ತಿನ್ರಿ, ನೋಡೂಣು." ಅವಳ ಮುಖ ನೋಡಬೇಕಿತ್ತು. ಬೆಲ್ಲ ಮಣ್ಣಿನ ಹಾಗಿದೆ ಅಂದಳು. ಅದು ಮಧುನಾಶಿನಿ, ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಗೆಗೆ ಸಿಹಿ ತಿಳಿಯೋದಿಲ್ಲ. ಈ ಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು ಸುಮ್ನೆ ಅಲ್ಲ. ಆದರೆ ಅಜ್ಜ ಇನ್ನೊಂದು ಎಲೆ ಕೀಳಲು ಯಾರಿಗೂ ಬಿಡಲಿಲ್ಲ. ಬ್ಯಾಗಿಗೆ ಬೇರು ಹಾಕಿಕೊಳ್ಳೋಕೆ ಹೋದ ಒಬ್ಬರಿಗೆ ಅಲ್ಲೇ ಹೇಳಿದರು, ಒಬ್ಬೊಬ್ಬರು ಒಂದೊಂದು ಕಿತ್ತರ ಗುಡ್ಡದಾಗ ಏನ್ ಉಳೀತೈತ್ರಿ ಅಂತ. ಗಿರಾಕಿ ಬೇಜಾರಾಗುತ್ತಾರೆ ಅಂತ ಸುಮ್ಮನೆ ಇರಲಿಲ್ಲ. ಅದಕ್ಕೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಟ್ಟದ್ದು.

ಇನ್ನೊಂದು ಕಡೆ ಹಸಿ ಕೆಸರಿನಲ್ಲಿ ಹೆಜ್ಜೆ ಇತ್ತು. ನಾಯಿ ಅಂದುಕೊಂಡು ದಾಟುತ್ತಿದ್ದೆವು. ಅಜ್ಜ ಕುಕ್ಕರುಗಾಲಲ್ಲಿ ಕುಳಿತು ತೋರಿಸಿದರು, ಮುಂದಿನ ಪಾದ ದೊಡ್ಡದು, ಹಿಂದಿನದು ಸಣ್ಣದು, ಕತ್ತೆಕಿರುಬ ಅಂತ. ತೋಳವೂ ಇವೆ ಇಲ್ಲಿ. ಅವರ ಕಾಲದಲ್ಲಿ ಕುರಿ ಹೊತ್ತೊಯ್ದ ತೋಳದ ಕಥೆ ಹೇಳಿದರು, ಸಿಟ್ಟಿಲ್ಲದೆ, ಅದರದೂ ಹೊಟ್ಟೆಪಾಡು ಅನ್ನೋ ಹಾಗೆ. ನೀರು ಯಾವ ಹಳ್ಳದಲ್ಲಿ ಮಾಘ ಮಾಸದವರೆಗೂ ನಿಲ್ಲುತ್ತದೆ, ಯಾವ ಹುಲ್ಲು ಎಳೆಯದಿದ್ದಾಗ ಮಾತ್ರ ಕುರಿ ಮುಟ್ಟುತ್ತವೆ, ಜನವರಿ ಆದ ಮೇಲೆ ಒಂದು ಬೀಡಿ ತುಂಡು ಬಿದ್ದರೂ ಬೆಂಕಿ ಹೇಗೆ ಗುಡ್ಡದಿಂದ ಗುಡ್ಡಕ್ಕೆ ಹತ್ತುತ್ತದೆ, ಇದೆಲ್ಲ ನಡೆಯುತ್ತಾ ನಡೆಯುತ್ತಾ ಬಂತು. ಯಾವ ಬೋರ್ಡಿನ ಮೇಲೂ ಇದನ್ನು ಯಾರೂ ಬರೆದಿಲ್ಲ.

ಈ ಗುಡ್ಡ ಉಳಿದದ್ದೇ ಜನ ಬೀದಿಗಿಳಿದದ್ದರಿಂದ. ಒಳಗೆ ಕಬ್ಬಿಣದ ಅದಿರಿದೆ, ಬಂಗಾರವೂ ಇದೆ ಅಂತ ಗಣಿಯವರ ಕಣ್ಣು ಮೊದಲಿನಿಂದಲೂ ಇದರ ಮೇಲಿದೆ. 2015ರಲ್ಲಿ ಸರ್ಕಾರ ಇದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಮಾಡಿತು, 2016ರಲ್ಲಿ ಆ ಆದೇಶವನ್ನೇ ಹಿಂದೆ ತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ರೈತರು, ಹೋರಾಟಗಾರರು ಜೊತೆ ಕುಳಿತರು, 2017ರಲ್ಲಿ ಮತ್ತೆ ಆದೇಶ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯಿತು. ಸ್ವಾಮೀಜಿ ಅದನ್ನು ನೋಡಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಗುಡ್ಡದ ಮೇಲಿನ ಗಾಳಿಗುಂಡಿ ಬಸವಣ್ಣನ ಗುಡಿ ಹತ್ತಿರ ಕುಳಿತು ಅಜ್ಜ ಇದನ್ನು ಹೇಳುವಾಗ ಎಲ್ಲರೂ ಫೋನ್ ಕೆಳಗಿಟ್ಟಿದ್ದರು. ಅಲ್ಲಿ ಗಾಳಿ ಎಷ್ಟಿರುತ್ತದೆ ಅಂದರೆ ಟೋಪಿ ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ಕಾಕಾ ಅಲ್ಲಿ ಒಂದು ಮಾತೂ ಆಡದೆ ಬಹಳ ಹೊತ್ತು ಗದಗಿನ ಕಡೆ ನೋಡುತ್ತಾ ಕುಳಿತಿದ್ದರು. ರೊಕ್ಕದ ಮಾತು ಆಮೇಲೆ ತೆಗೆಯಲಿಲ್ಲ.

ಊಟ ಅಜ್ಜನ ಊರಿನಲ್ಲೇ, ಅವರ ಸೊಸೆ ಮತ್ತು ಪಕ್ಕದ ಮನೆಯವರು ಮಾಡಿದ್ದು. ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಹೆಸರುಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇಷ್ಟೇ. ಇದಕ್ಕಿಂತ ಜಾಸ್ತಿ ಏನು ಬೇಕು? ಊಟದ ದುಡ್ಡು ನೇರವಾಗಿ ಆ ಮನೆಗೇ ಹೋಗುತ್ತದೆ ಅಂತ ಕೇಳಿ ತಿಳಿದುಕೊಂಡೆ. ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆಯೂ ಅದೇ ಮನೆಯಲ್ಲಿ ಇತ್ತು, ಮುಂಚೆಯೇ ಹೇಳಿಟ್ಟಿದ್ದರು. ಗುಡ್ಡದ ಮೇಲೆ ಏನೂ ಇಲ್ಲ, ಅದು ಗೊತ್ತಿರಲಿ.

ಹಾಗಾದರೆ ಅರ್ಧ ಸ್ಟಾರ್ ಯಾಕೆ ಕಡಿಮೆ? ಮಾಗಡಿ ಕೆರೆಯ ಕಾರಣಕ್ಕೆ. ತಂಡದ ಪೋಸ್ಟರಿನಲ್ಲಿ ಕಪ್ಪತಗುಡ್ಡದ ಜೊತೆಗೆ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಫೋಟೋ ಹಾಕಿದ್ದರು, ದೊಡ್ಡದಾಗಿ. ಸಂಜೆ ಅಲ್ಲಿಗೆ ಕರೆದುಕೊಂಡೂ ಹೋದರು. ಶ್ರಾವಣದಲ್ಲಿ ಹೆಬ್ಬಾತು ಎಲ್ಲಿಂದ ಬರಬೇಕು? ಅವು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಒಳಗೆ ವಾಪಸ್ ಹೋಗುತ್ತವೆ. ನಮ್ಮ ಗುಂಪಿನಲ್ಲಿ ಒಬ್ಬರು ಅದಕ್ಕಂತಲೇ ದೊಡ್ಡ ಲೆನ್ಸ್ ಹೊತ್ತು ಬೆಳಗಾವಿಯಿಂದ ಬಂದಿದ್ದರು. ಕೆರೆಯಲ್ಲಿ ಒಂದಷ್ಟು ಕೊಕ್ಕರೆ ಇದ್ದವು, ಅವರು ಪಾಪ ಅದನ್ನೇ ತೆಗೆದರು. ಗುಡ್ಡದ ಹಸಿರಿಗೆ ಮಳೆಗಾಲ ಬೇಕು, ಕೆರೆಯ ಹಕ್ಕಿಗೆ ಚಳಿಗಾಲ ಬೇಕು. ಎರಡನ್ನೂ ಒಂದು ದಿನಕ್ಕೆ ಕಟ್ಟಿ ಮಾರೋದು ತಪ್ಪು, ಗೊತ್ತಿದ್ದೂ ಫೋಟೋ ಹಾಕೋದು ಇನ್ನೂ ತಪ್ಪು.

ನಾವು ಮೂವರೂ ಆಮೇಲೆ ಜನವರಿಯಲ್ಲಿ ನಮ್ಮದೇ ಗಾಡಿ ತೆಗೆದುಕೊಂಡು ಮಾಗಡಿಗೆ ಹೋದೆವು. ಶಿರಹಟ್ಟಿ ತಾಲ್ಲೂಕು, ಗದಗದಿಂದ ಸುಮಾರು 26 ಕಿಲೋಮೀಟರ್. ಇದಕ್ಕೆ ಯಾವ ತಂಡವೂ ಬೇಕಿಲ್ಲ, ಒಂದು ದುರ್ಬೀನು ಸಾಕು. ಹೆಬ್ಬಾತುಗಳು ಹೊಲಕ್ಕೆ ಮೇಯೋಕೆ ಹೋಗಿರುತ್ತವೆ, ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳುತ್ತವೆ. ಸಾಲು ಸಾಲಾಗಿ ಕೂಗುತ್ತಾ ಬಂದು ನೀರಿಗೆ ಇಳಿಯೋದನ್ನು ಏರಿಯ ಮೇಲೆ ನಿಂತು ನೋಡಬೇಕು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಏರಿಯ ಹತ್ತಿರ ಇಬ್ಬರು ಹುಡುಗರು ಕಲ್ಲು ಎತ್ತಿಕೊಂಡದ್ದಕ್ಕೆ ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ಬೈದ ಬೈಗುಳ ಇನ್ನೂ ನೆನಪಿದೆ. ಈ ಕೆರೆಯ ನಿಜವಾದ ಕಾವಲು ಅವರೇ.

ಇನ್ನು ಕಡಲು. ಹೋದದ್ದು ಡಿಸೆಂಬರಿನಲ್ಲಿ, ತಿಂಗಳ ಆಯ್ಕೆ ಸರಿಯಾಗಿತ್ತು. ರಾತ್ರಿ ಹುಬ್ಬಳ್ಳಿ ಬಿಟ್ಟು, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲಿಂದ ಬೆಳಗಿನ ಜಾವ ಕುಮಟಾ. ಹುಬ್ಬಳ್ಳಿ-ಅಂಕೋಲಾ ರೈಲು ಬರುತ್ತದೆ ಬರುತ್ತದೆ ಅಂತ ಕಾಕಾ ನೌಕರಿಗೆ ಸೇರಿದಾಗಿನಿಂದ ಕೇಳುತ್ತಲೇ ಇದ್ದೇವೆ, ಅದು ಬರುವವರೆಗೆ ನಮಗೆ ಘಟ್ಟದ ತಿರುವುಗಳೇ ಗತಿ.

ದಾರಿ ಮಾತ್ರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಮೊದಲ ದಿನ ವನ್ನಳ್ಳಿ, ಕಡ್ಲೆ, ಬಾಡ, ಹೀಗೆ ದಂಡೆ ಹಿಡಿದು ಅಘನಾಶಿನಿ ಊರಿನವರೆಗೆ, ಅಲ್ಲಿಂದ ನದಿ ದಾಟಿ ತದಡಿ. ಎರಡನೇ ದಿನ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಒಂದು ದಂಡೆ ಮುಗಿದ ಕೂಡಲೇ ಗುಡ್ಡದ ಮೂಗು ಸಮುದ್ರಕ್ಕೆ ಚಾಚಿರುತ್ತದೆ. ಅದನ್ನು ಹತ್ತಿ ಇಳಿದರೆ ಇನ್ನೊಂದು ದಂಡೆ. ಹತ್ತುವಾಗ ಕಾಲಡಿ ಕೆಂಪು ಜಂಬಿಟ್ಟಿಗೆ, ಇಳಿಯುವಾಗ ಕರಿ ಬಂಡೆ. ಬಾಡದ ಕಡೆ ಬೆಳಗ್ಗೆ ಮೀನುಗಾರರು ಬಲೆ ಎಳೆಯುತ್ತಿದ್ದರು. ತಂಗಿ ನಿಂತಳು, ನಾನೂ ನಿಂತೆ. ಗೈಡ್ ಹುಡುಗ ಹಿಂದಿರುಗಿ ಕೂಗಿದ, "ಮೇಡಂ, ಟೈಮ್ ಇಲ್ಲ, ಫೋಟೋ ಮುಂದೆ ತೆಗೀಬಹುದು."

ಇಡೀ ಎರಡು ದಿನ ಇದೇ ಕಥೆ. ಮೂವತ್ತೈದು ಜನರ ಗುಂಪು, ಮುಂದಿನವರಿಗೂ ಹಿಂದಿನವರಿಗೂ ಅರ್ಧ ತಾಸಿನ ಅಂತರ. ಹುಡುಗ ಒಳ್ಳೆಯವನೇ, ಬಿದ್ದವರಿಗೆ ಕೈ ಕೊಟ್ಟ, ಒಬ್ಬರ ಚಪ್ಪಲಿ ಹರಿದಾಗ ತನ್ನದನ್ನೇ ಬಿಟ್ಟುಕೊಟ್ಟ. ಅವನ ಮೇಲೆ ನನಗೆ ಏನೂ ದೂರಿಲ್ಲ. ಆದರೆ ಅವನಿಗೆ ಈ ಊರು ಗೊತ್ತಿಲ್ಲ, ಫೋನಿನಲ್ಲಿರೋ ಮ್ಯಾಪ್ ಗೊತ್ತು. ಗೊತ್ತಿಲ್ಲದವನನ್ನು ಕಳಿಸಿದ್ದು ತಂಡದ ತಪ್ಪು.

ಇದರಿಂದ ಎರಡು ಪೆಟ್ಟು ಬಿತ್ತು. ಮೊದಲನೆಯದು ಸುರಕ್ಷತೆ. ದಂಡೆಯಿಂದ ದಂಡೆಗೆ ಕೆಲವು ಕಡೆ ಬಂಡೆಗಳ ಮೇಲೆ ಹೋಗಬೇಕು. ಇಳಿತ ಇದ್ದಾಗ ಅವು ಒಣಗಿರುತ್ತವೆ, ಉಬ್ಬರದಲ್ಲಿ ನೀರು ಹೊಡೆಯುತ್ತದೆ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಹೊತ್ತು ದಿನಾ ಮುಂದಕ್ಕೆ ಹೋಗುತ್ತದೆ. ಇದರ ವೇಳಾಪಟ್ಟಿ ಮುಂಚೆಯೇ ಸಿಗುತ್ತದೆ, ಮೀನುಗಾರರನ್ನು ಕೇಳಿದರೆ ಅದೂ ಬೇಡ. ನಮ್ಮ ತಂಡ ನಾಷ್ಟಾ ಹೊತ್ತು, ಊಟದ ಹೊತ್ತು ನೋಡಿ ಪ್ಲಾನ್ ಮಾಡಿತ್ತು, ನೀರಿನ ಹೊತ್ತು ನೋಡಿರಲಿಲ್ಲ. ಸರಿಯಾಗಿ ಉಬ್ಬರದ ಹೊತ್ತಿಗೆ ಬಂಡೆಗಳ ಹತ್ತಿರ ನಿಂತೆವು. ಪಾಚಿ, ಮೇಲಿಂದ ಅಲೆ. ಕಾಕಾನಂಥವರು ದಾಟೋ ಮಾತೇ ಇಲ್ಲ. ಕೊನೆಗೆ ಅಲ್ಲೇ ಇದ್ದ ಊರಿನವರೊಬ್ಬರು ಗುಡ್ಡದ ಮೇಲಿನ ಕಾಲುದಾರಿ ತೋರಿಸಿದರು. ಬಿಸಿಲಲ್ಲಿ ಸುತ್ತಿ ಬರುವಾಗ ಎಲ್ಲರ ಬಾಟಲಿ ಖಾಲಿ. ಗೋಕರ್ಣದ ಕಡೆಯ ದಂಡೆಗಳಲ್ಲಿ ನೀರಿಗಿಳಿದು ಜನ ಸತ್ತ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಅದರಲ್ಲಿ ಈಜು ಬಾರದ ನಮ್ಮ ಬಯಲುಸೀಮೆಯ ಹುಡುಗರೂ ಇರುತ್ತಾರೆ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡೋದಿಲ್ಲ.

ಎರಡನೆಯದು, ನೋಡಬೇಕಾದ್ದು ಕಣ್ಣೆದುರೇ ಇದ್ದರೂ ಹೇಳೋರಿಲ್ಲದೆ ದಾಟಿ ಹೋದದ್ದು. ಅಘನಾಶಿನಿಯ ದಡಕ್ಕೆ ಬಂದಾಗ ದೋಣಿಗೆ ಕಾಯಬೇಕಾಯಿತು. ನನಗೆ ಆ ಕಾಯುವಿಕೆಯೇ ಇಡೀ ಪ್ರಯಾಣದ ಒಳ್ಳೆಯ ಭಾಗ. ಅಲ್ಲಿ ಒಬ್ಬ ಅಮ್ಮ ಬುಟ್ಟಿ ತೊಳೆಯುತ್ತಿದ್ದರು. ಏನಿದು ಅಂತ ಕೇಳಿದೆ. ಬಳಚು, ಅಂದರೆ ಚಿಪ್ಪಿಕಲ್ಲು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೈಯಿಂದಲೇ ಕೆಸರು ಬಗೆದು ತೆಗೆಯುತ್ತಾರೆ. ತೆಗೆಯೋದನ್ನು ನೋಡಬಹುದಾ ಅಂದೆ. "ಈಗ ನೀರು ಏರಿದೆ, ಎಂತ ಕಾಣ್ತದೆ ನಿಮಗೆ? ಇಳಿತಕ್ಕೆ ಬರ್ಬೇಕು ತಂಗಿ," ಅಂದರು. ಆ ಒಂದು ಮಾತು ನಮ್ಮ ತಂಡದವರಿಗೆ ಗೊತ್ತಿದ್ದಿದ್ದರೆ ಬಂಡೆಯ ಕಷ್ಟವೂ ತಪ್ಪುತ್ತಿತ್ತು, ಬಳಚು ತೆಗೆಯೋದನ್ನೂ ನೋಡುತ್ತಿದ್ದೆವು.

ಈ ನದಿಯ ಬಗ್ಗೆ ಹೇಳೋಕೆ ಎಷ್ಟಿದೆ ಅಂದರೆ, ಗೈಡ್ ಬೇರೇನೂ ಮಾಡದೆ ಇದೊಂದನ್ನೇ ಹೇಳಿದ್ದರೂ ನಾನು ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಶಿರಸಿ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಇಲ್ಲಿ ಸಮುದ್ರ ಸೇರುವವರೆಗೆ ಈ ಹೊಳೆಗೆ ಒಂದು ಅಣೆಕಟ್ಟೂ ಇಲ್ಲ. ಹಾಗೆ ಹರಿದು ಬಂದದ್ದರಿಂದಲೇ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಲ್ಲಿ, ಸಿಹಿನೀರು ಉಪ್ಪುನೀರು ಸರಿಯಾಗಿ ಬೆರೆಯುತ್ತವೆ. ಬಳಚು, ಸಿಗಡಿ, ಏಡಿ, ಮೀನು, ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಎಲ್ಲ ನಿಂತಿರೋದು ಆ ಬೆರಕೆಯ ಮೇಲೆ. ತದಡಿಯಲ್ಲಿ ದೊಡ್ಡ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಮಾಡಬೇಕು ಅಂತ ಹೊರಟಿದ್ದರು, ಇಲ್ಲಿನ ಜನ ಒಪ್ಪಲಿಲ್ಲ, ಅದು ನಿಂತಿತು. ಕಪ್ಪತಗುಡ್ಡದ ಕಥೆ ಕೇಳಿ ಬಂದ ನಮಗೆ ಇದು ಎಷ್ಟು ಹತ್ತಿರದ್ದು ಅನಿಸಬೇಕಿತ್ತು ಅಲ್ವಾ? ಅಲ್ಲಿ ಯಾರೂ ಹೇಳಲಿಲ್ಲ.

ದಾರಿಯಲ್ಲಿ ನೀರು ತುಂಬಿದ ಬಯಲು ಸಿಕ್ಕಿತ್ತು. ತಂಗಿ ಕೇಳಿದ್ದಕ್ಕೆ ಹುಡುಗ "ಗದ್ದೆ ಇರಬೇಕು ಮೇಡಂ" ಅಂದ. ಅದು ಬರೀ ಗದ್ದೆಯಲ್ಲ, ಗಜನಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆ ಅಂತ ಅವಳ ಕುಮಟಾದ ಗೆಳತಿ ಆಮೇಲೆ ಹೇಳಿದಳು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪುನೀರು ತಡೆಯುವ ತಳಿ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯೋದಿಲ್ಲ, ಗೊಬ್ಬರ ಔಷಧಿ ಹಾಕೋದಿಲ್ಲ. ಕೊಯ್ಲು ಆದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಮಾಣಿಕಟ್ಟಾದಲ್ಲಿ ಊರವರು ಸೇರಿ ಬೇಸಾಯ ಮಾಡುತ್ತಾರಂತೆ. ನಮ್ಮ ನವಲಗುಂದ, ನರಗುಂದದ ಸವಳು ಭೂಮಿಯ ರೈತರನ್ನು ಒಂದು ಸಲ ಇಲ್ಲಿಗೆ ಕರೆತರಬೇಕು ಅಂತ ಕಾಕಾ ಅಂದರು. ಒಂದು ದಿನದ ನಡಿಗೆಯನ್ನು ಬರೀ ಈ ಗಜನಿಯ ಒಡ್ಡಿನ ಮೇಲೆ ಮಾಡಬಹುದು, ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ.

ಇನ್ನೂ ಒಂದಿದೆ. 2024ರ ಜನವರಿಯಲ್ಲಿ ನಮ್ಮ ರಾಜ್ಯದ ಮೂರು ಜೌಗು ಪ್ರದೇಶಗಳನ್ನು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗಿನ ಮಾಗಡಿ ಕೆರೆ, ಮತ್ತೆ ಈ ಅಘನಾಶಿನಿಯ ಅಳಿವೆ. ಮೂರರಲ್ಲಿ ಎರಡು ಈ ತಂಡದ ದಾರಿಯಲ್ಲೇ ಇವೆ! ಮಾಗಡಿ ಐವತ್ತು ಹೆಕ್ಟೇರ್ ಆಸುಪಾಸಿನ ಒಂದು ಊರ ಕೆರೆ, ಅಘನಾಶಿನಿ ಸಾವಿರಾರು ಹೆಕ್ಟೇರಿನ ಅಳಿವೆ, ಎರಡಕ್ಕೂ ಒಂದೇ ಸಲ ಆ ಗೌರವ ಬಂತು. ನಾನಾಗಿದ್ದರೆ ಪೋಸ್ಟರಿನಲ್ಲಿ ಇದನ್ನೇ ಮೊದಲು ಹಾಕುತ್ತಿದ್ದೆ.

ಧಾರವಾಡದವರಿಗೆ ಇನ್ನೊಂದು ಸಂಬಂಧವೂ ಇದೆ. ನಮ್ಮ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಮುಂದೆ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಘಟ್ಟ ಇಳಿದು ಗಂಗಾವಳಿ ಆಗುತ್ತದೆ, ಗಂಗಾವಳಿ ಗೋಕರ್ಣದ ಉತ್ತರಕ್ಕೆ ಸಮುದ್ರ ಸೇರುತ್ತದೆ. ಅಂದರೆ ಧಾರವಾಡದಲ್ಲಿ ಬಿದ್ದ ಮಳೆಯಲ್ಲಿ ಒಂದಿಷ್ಟು ಆ ದಂಡೆಗೇ ಬಂದು ಮುಟ್ಟುತ್ತದೆ. ಗೋಕರ್ಣದಲ್ಲಿ ಚಹಾ ಕುಡಿಯುತ್ತಾ ಇದನ್ನು ಹೇಳಿದಾಗ ಗುಂಪಿನ ಧಾರವಾಡದ ಹುಡುಗಿಯರು ನಂಬಲೇ ಇಲ್ಲ, ಫೋನಿನಲ್ಲಿ ನಕ್ಷೆ ತೆಗೆದು ಹೊಳೆ ಹಿಡಿದುಕೊಂಡು ಬೆರಳಾಡಿಸಿ ನೋಡಿದರು.

ಎರಡನೇ ದಿನ ಜಾಸ್ತಿ ಹೇಳೋಕಿಲ್ಲ. ಬೇಲೆಕಾನ್ ಚೆನ್ನಾಗಿದೆ, ಜನ ಕಡಿಮೆ. ಓಂ, ಕುಡ್ಲೆಯಲ್ಲಿ ಜಾತ್ರೆ. ಬಾಟಲಿ, ಚಿಪ್ಸ್ ಪ್ಯಾಕೆಟ್ ನೋಡಿ ಬೇಸರವಾಯಿತು. ಕೆಂಪು ಬಾವುಟ ಇರೋ ಕಡೆ ನೀರಿಗಿಳಿಯಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡಬೇಡಿ.

ಊಟ-ವಸತಿ: ತದಡಿ ಹತ್ತಿರ ಒಂದು ಮನೆಯಲ್ಲಿ ಉಳಿದೆವು, ಹಾಸಿಗೆ ಸ್ವಚ್ಛ, ಸ್ನಾನಕ್ಕೆ ಬಿಸಿನೀರು ಇತ್ತು. ಬಂಗಡೆ ಸಾರು, ಕುಚಲಕ್ಕಿ ಅನ್ನ ಬಹಳ ರುಚಿ. ಸಸ್ಯಾಹಾರಿಗಳಿಗೆ ಮಾತ್ರ ಅನ್ಯಾಯ ಮಾಡಿದರು. ಕಾಕಾನಿಗೆ ಎರಡೂ ಹೊತ್ತು ಒಂದೇ ಬೇಳೆ ಸಾರು. ಆ ಕಡೆ ತಂಬುಳಿ, ಮುರುಗಲು ಸಾರು, ಕೊಟ್ಟೆ ಕಡುಬು ಇಷ್ಟೆಲ್ಲ ಇರುವಾಗ ಯಾಕೆ ಹೀಗೆ? ಬುಕ್ ಮಾಡುವಾಗ ಹೇಳಿದ್ದೆವು, ಬರೆದುಕೊಂಡಿದ್ದರು, ಅಡಿಗೆಮನೆಗೆ ಆ ಸುದ್ದಿ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳ ಶೌಚಾಲಯದ ವಿಷಯದಲ್ಲೂ ಮೊದಲ ದಿನ ಕಷ್ಟ ಆಯಿತು. ಬಾಡದ ಒಂದು ಮನೆಯವರು ನಮ್ಮ ಮುಖ ನೋಡಿ ತಾವಾಗಿಯೇ ಕರೆದರು, ಅವರಿಗೆ ಪುಣ್ಯ ಬರಲಿ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ ಅಂತ ಬಹಳ ಜನ ಕೇಳುತ್ತಾರೆ. ಗುಡ್ಡಕ್ಕೆ ಹೌದು, ದಿನಾ ಸ್ವಲ್ಪವಾದರೂ ನಡೆಯುವವರಾದರೆ. ಕಾಕಾ ಒಂದು ಕೋಲು ಹಿಡಿದು ಆರಾಮಾಗಿ ಮುಗಿಸಿದರು. ಕಡಲಿಗೆ ಪೂರ್ತಿ ದಾರಿ ಬೇಡ. ಬಂಡೆ ಹತ್ತಿ ಇಳಿದು ಅವರ ಮೊಣಕಾಲು ಊದಿತ್ತು. ಮರಳಲ್ಲಿ ನಡೆಯೋದು ಕೆರೆ ಏರಿಯ ಮೇಲೆ ನಡೆದ ಹಾಗಲ್ಲ, ಅರ್ಧ ದೂರಕ್ಕೇ ಕಾಲು ಸೋಲುತ್ತದೆ. ಅಂಥವರು ಬಾಡದಿಂದ ಅಘನಾಶಿನಿ ಊರಿನವರೆಗಿನದನ್ನು ಮಾತ್ರ ಮಾಡಲಿ, ದೋಣಿ ದಾಟಲಿ, ಸಾಕು. ಗಟ್ಟಿ ಹಿಡಿತದ ಬೂಟು ಎರಡು ಕಡೆಯೂ ಬೇಕು. ಕಡಲಿಗೆ ಜೊತೆಗೆ ಒಂದು ಚಪ್ಪಲಿ ಇಟ್ಟುಕೊಳ್ಳಿ. ಗುಡ್ಡಕ್ಕೆ ಮಳೆ ಕೋಟು ಸಾಕು, ಗಾಳಿಗೆ ಛತ್ರಿ ನಿಲ್ಲೋದಿಲ್ಲ.

ಕಾಲ ಹೇಳೋದಾದರೆ ಗುಡ್ಡಕ್ಕೆ ಜುಲೈನಿಂದ ಅಕ್ಟೋಬರ್, ಮಾಗಡಿಗೆ ಡಿಸೆಂಬರ್-ಜನವರಿ, ಕಡಲಿಗೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಯಾರಾದರೂ ಕಡಲ ದಂಡೆಯ ನಡಿಗೆ ಮಾರಿದರೆ ಅವರ ನಂಬರನ್ನೇ ತೆಗೆದು ಹಾಕಿ. ಮುಂಗಡ ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ: ಮುಂದೆ ನಡೆಯೋರು ಯಾವ ಊರಿನವರು, ಗುಂಪಿನಲ್ಲಿ ಎಷ್ಟು ಜನ, ಗುಡ್ಡಕ್ಕಾದರೆ ಅರಣ್ಯ ಇಲಾಖೆಯ ಅನುಮತಿ ಆಗಿದೆಯಾ, ಕಡಲಿಗಾದರೆ ಆ ದಿನ ಇಳಿತ ಎಷ್ಟು ಹೊತ್ತಿಗೆ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಹೋಗಬೇಡಿ.

ಇದೆಲ್ಲವನ್ನೂ ತಂಡದವರಿಗೂ ಬರೆದು ಕಳಿಸಿದ್ದೇನೆ. ಮುಂದಿನ ಸಲ ಅಘನಾಶಿನಿ ಊರಿನ ಒಬ್ಬರನ್ನೇ ಗೈಡ್ ಆಗಿ ಹುಡುಕುತ್ತೇವೆ, ಪೋಸ್ಟರಿನಿಂದ ಹೆಬ್ಬಾತಿನ ಫೋಟೋ ತೆಗೆದು ಹಾಕುತ್ತೇವೆ ಅಂತ ಉತ್ತರ ಬಂದಿದೆ. ಫೋಟೋ ತೆಗೆದು ಹಾಕಿದ್ದು ನೋಡಿದೆ, ಸಂತೋಷ. ಗುಂಪನ್ನು ಹದಿನೈದಕ್ಕೆ ಇಳಿಸುತ್ತೀರಾ ಅಂತ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ಸೇರಿಸುತ್ತೇನೆ.